ಔಷಧವೆಂಬ ಮಾತಿನ ಅರ್ಥವ್ಯಾಪ್ತಿ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ಬಗೆಯ ದಾನಗಳು ಶ್ರಾವಕನಿಗೆ ವಿಹಿತವಾದವು. ಕನ್ನಡ ನಾಡಿನ ಜೈನ ಶಾಸನಗಳು ದಾನಿಗಳನ್ನು ಕೊಂಡಾಡುವಾಗ ಈ ನಾಲ್ಕನ್ನೂ ಒಂದೇ ಉಸಿರಿನಲ್ಲಿ ಹೇಳುತ್ತವೆ. ಇಂದಿಗೂ ಅನೇಕ ಬಸದಿಗಳ ಮತ್ತು ಧರ್ಮಾದಾಯ ಟ್ರಸ್ಟುಗಳ ಲೆಕ್ಕದ ಪುಸ್ತಕಗಳಲ್ಲಿ ಔಷಧದಾನವೆಂಬ ಪ್ರತ್ಯೇಕ ಖಾತೆಯಿರುತ್ತದೆ. ತಂದೆಯ ಅಥವಾ ತಾಯಿಯ ಸ್ಮರಣಾರ್ಥ ಆ ಖಾತೆಗೆ ಹಣ ಕೊಟ್ಟವರ ಸಂಕಲ್ಪವನ್ನು ಕಾಯುವುದು ಟ್ರಸ್ಟಿಗಳ ಮೊದಲ ಕರ್ತವ್ಯ. ಒಂದು ಖಾತೆಯ ಹಣವನ್ನು ಇನ್ನೊಂದಕ್ಕೆ ಬಳಸಕೂಡದೆಂಬುದು ಅಂಗಡಿಯ ಗುಮಾಸ್ತನಿಗೂ ತಿಳಿದ ನಿಯಮ.

ಹೀಗಿರುವಲ್ಲಿ, ಡೆಂಗ್ಯೂ ಜ್ವರ ಹಬ್ಬಿದ ಒಂದು ಮಳೆಗಾಲದಲ್ಲಿ ಯಾವುದೋ ಊರಿನ ಟ್ರಸ್ಟು ತನ್ನ ಧರ್ಮಶಾಲೆಯಲ್ಲಿ ಸಿಂಪಡಿಸಲು ಸೊಳ್ಳೆ ಕೊಲ್ಲುವ ದ್ರಾವಣವನ್ನು ಔಷಧದಾನದ ಖಾತೆಯಿಂದ ಕೊಂಡಿತೆಂದು ಭಾವಿಸಬಹುದು. ರೋಗವನ್ನು ತಡೆಯುವುದಕ್ಕಾಗಿ ಕೊಂಡದ್ದು ಔಷಧವೇ ಸರಿ ಎಂದು ಕಾರ್ಯದರ್ಶಿಯು ಕಾಯಿದೆಯ ಮಾತನ್ನು ಹಿಡಿದು ಸಮರ್ಥಿಸಬಲ್ಲನು. ಆದರೆ ಸಭೆಯಲ್ಲಿ ಕುಳಿತ ಹಿರಿಯರೊಬ್ಬರು "ಇದು ದಾನವೇ?" ಎಂದು ಕೇಳಿದರೆ ಉತ್ತರ ಅಷ್ಟು ಸುಲಭವಲ್ಲ. ಔಷಧವೆಂಬ ಒಂದೇ ಮಾತು ಕಾಯಿದೆಯಲ್ಲಿಯೂ ಶ್ರಾವಕಾಚಾರದಲ್ಲಿಯೂ ಬರುತ್ತದೆ. ಎರಡು ಕಡೆಯೂ ಅದರ ಅರ್ಥ ಒಂದೆಯೇ ಎಂಬುದು ವಿಚಾರಾರ್ಹ.

ಕನ್ನಡದ ಆಡುಮಾತಿನಲ್ಲಿಯೇ ಈ ಶಬ್ದವು ನೆಟ್ಟಗೆ ನಿಲ್ಲುವುದಿಲ್ಲ. ಮದ್ದು ಎಂದರೆ ರೋಗ ಕಳೆಯುವ ವಸ್ತು. ಕೈಮದ್ದು ಎಂದರೆ ವಿಷ. ಮದ್ದುಗುಂಡು ಎಂದಾಗ ಅದೇ ಮಾತು ಸಿಡಿಯುವ ಪುಡಿಯಾಗುತ್ತದೆ. ಬಯಲುಸೀಮೆಯ ರೈತನು ಹತ್ತಿಯ ಹುಳುವಿಗೆ ಔಷಧಿ ಹೊಡೆಯುತ್ತಾನೆ, ಕರಾವಳಿಯ ತೋಟಗಾರನು ಅಡಿಕೆಯ ಕೊಳೆರೋಗಕ್ಕೆ ಮದ್ದು ಬಿಡುತ್ತಾನೆ. ಬೆಳೆಗೆ ಬದುಕು ಕೊಡುವುದು ಹುಳುವಿಗೆ ಸಾವು ತರುತ್ತದೆ. ಆದರೂ ಹೆಸರು ಔಷಧಿಯೆಂದೇ. ಇದನ್ನು ಜನರ ಅಜ್ಞಾನವೆಂದು ತಳ್ಳಿಹಾಕಲಾಗದು. ಕಾಯಿದೆಯೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದೆ.

ಭಾರತದಲ್ಲಿ ಔಷಧದ ವ್ಯವಹಾರವನ್ನು ನಿಯಂತ್ರಿಸುವ ಮುಖ್ಯ ಶಾಸನವು 1940ರಲ್ಲಿ ಬಂದಿತು. 1962ರ ತಿದ್ದುಪಡಿಯಿಂದ ಅದು ಔಷಧ ಮತ್ತು ಕಾಂತಿವರ್ಧಕ ಕಾಯಿದೆಯೆಂಬ ಹೆಸರನ್ನು ಪಡೆಯಿತು. ಅದರ 3ನೆಯ ಪ್ರಕರಣದಲ್ಲಿ ಔಷಧದ ವ್ಯಾಖ್ಯೆಯಿದೆ. ಮನುಷ್ಯರ ಅಥವಾ ಪ್ರಾಣಿಗಳ ಬಳಕೆಗಾಗಿ ಇರುವ ಎಲ್ಲ ಮದ್ದುಗಳು, ಮತ್ತು ರೋಗವನ್ನು ಪತ್ತೆಹಚ್ಚಲು, ಗುಣಪಡಿಸಲು, ತಗ್ಗಿಸಲು ಅಥವಾ ತಡೆಯಲು ಉದ್ದೇಶಿಸಿದ ಎಲ್ಲ ಪದಾರ್ಥಗಳು ಔಷಧವೆಂದು ಮೊದಲ ಭಾಗ ಹೇಳುತ್ತದೆ. ಸೊಳ್ಳೆಯಂಥ ಕೀಟಗಳನ್ನು ದೂರವಿಡಲು ಮೈಗೆ ಹಚ್ಚುವ ಲೇಪಗಳೂ ಅಲ್ಲಿಯೇ ಸೇರುತ್ತವೆ. ಮುಂದಿನ ಭಾಗದಲ್ಲಿ, ಆಹಾರವನ್ನು ಬಿಟ್ಟು, ಶರೀರದ ರಚನೆಯ ಅಥವಾ ಕ್ರಿಯೆಯ ಮೇಲೆ ಪರಿಣಾಮ ಬೀರಲು ಉದ್ದೇಶಿಸಿದವು, ಮತ್ತು ರೋಗ ಹರಡುವ ಕ್ರಿಮಿಕೀಟಗಳನ್ನು ನಾಶಮಾಡಲು ಉದ್ದೇಶಿಸಿದವುಗಳ ಪೈಕಿ ಕೇಂದ್ರ ಸರ್ಕಾರವು ಅಧಿಸೂಚನೆಯಲ್ಲಿ ಹೆಸರಿಸಿದವು ಬರುತ್ತವೆ. ಮೂರನೆಯದು ಔಷಧದ ಘಟಕಗಳಾಗಲು ಉದ್ದೇಶಿಸಿದ ಪದಾರ್ಥಗಳು. 1982ರ ತಿದ್ದುಪಡಿಯು ಖಾಲಿ ಜೆಲಟಿನ್ ಕ್ಯಾಪ್ಸೂಲ್‌ಗಳನ್ನು ಇಲ್ಲಿ ಹೆಸರು ಹಿಡಿದೇ ಸೇರಿಸಿತು. ಕೊನೆಯದಾಗಿ, ಅಧಿಸೂಚಿತ ವೈದ್ಯಕೀಯ ಸಾಧನಗಳು.

ಈ ವ್ಯಾಖ್ಯೆಯಲ್ಲಿ ಮತ್ತೆ ಮತ್ತೆ ಬರುವ ಮಾತು "ಉದ್ದೇಶಿಸಿದ" ಎಂಬುದು. ವಸ್ತುವಿನ ಗುಣವೇನು, ಅದು ನಿಜಕ್ಕೂ ರೋಗವನ್ನು ಕಳೆಯುವುದೇ ಎಂದು ಕಾಯಿದೆಯು ಇಲ್ಲಿ ಕೇಳುವುದಿಲ್ಲ. ಯಾವ ಉದ್ದೇಶದಿಂದ ಅದನ್ನು ತಯಾರಿಸಿ ಮಾರುತ್ತಾರೆ ಎಂದು ಕೇಳುತ್ತದೆ. 1960ರ ದಶಕದ ಆರಂಭದಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆ ಇದಕ್ಕೆ ಒಳ್ಳೆಯ ನಿದರ್ಶನ. ಗಾಯಕ್ಕೆ ಬಳಸುವ ಹತ್ತಿ, ಗಾಜು ಬಟ್ಟೆ ಮತ್ತು ಸುತ್ತುವ ಪಟ್ಟಿಗಳು ಔಷಧವೇ ಎಂಬುದು ಅಲ್ಲಿಯ ಪ್ರಶ್ನೆ. ಕಾಯಿದೆಯಲ್ಲಿರುವ "ಪದಾರ್ಥ" ಎಂಬ ಮಾತು "ಮದ್ದು" ಎಂಬುದಕ್ಕಿಂತ ವಿಶಾಲವಾದದ್ದು, ಚಿಕಿತ್ಸೆಯಲ್ಲಿ ಬಳಸಲು ಉದ್ದೇಶಿಸಿದ ಹತ್ತಿಯೂ ಅದರೊಳಗೆ ಬರುತ್ತದೆ ಎಂದು ನ್ಯಾಯಾಲಯ ತೀರ್ಮಾನಿಸಿತು. ಹಾಸಿಗೆಗೆ ತುಂಬುವ ಹತ್ತಿ ಬರೀ ಹತ್ತಿ. ಶುದ್ಧಮಾಡಿ ಗಾಯಕ್ಕೆಂದು ಮಾರಿದರೆ ಔಷಧ. ಈ ವಿಸ್ತಾರ ಅಲ್ಲಿಗೂ ನಿಲ್ಲಲಿಲ್ಲ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಅಧಿಸೂಚನೆಯ ಮೂಲಕ ಎಲ್ಲ ವೈದ್ಯಕೀಯ ಸಾಧನಗಳೂ ಕಾನೂನಿನ ಕಣ್ಣಿಗೆ ಔಷಧಗಳಾದವು. ಜ್ವರ ಅಳೆಯುವ ಥರ್ಮಾಮೀಟರನ್ನು ನುಂಗಿದವರಿಲ್ಲ. ಆದರೂ ಅದು ಔಷಧ.

ತೆರಿಗೆಯ ಕಾನೂನಿಗೆ ಬಂದರೆ ಅಳತೆಗೋಲೇ ಬದಲಾಗುತ್ತದೆ. 1995ರಲ್ಲಿ ಸುಪ್ರೀಂ ಕೋರ್ಟು ಅಬಕಾರಿ ಸುಂಕದ ಎರಡು ಪ್ರಕರಣಗಳನ್ನು ತೀರ್ಮಾನಿಸಿತು. ಒಂದರಲ್ಲಿ ಆಯುರ್ವೇದದ ವಸ್ತುಗಳಿಂದ ತಯಾರಾದ ಕೆಂಪು ದಂತಮಂಜನವು ಔಷಧವಲ್ಲ, ಹಲ್ಲುಜ್ಜುವ ಪುಡಿ ಎಂದಾಯಿತು. ಜನಸಾಮಾನ್ಯರು ಅದನ್ನು ಹಾಗೆಂದೇ ತಿಳಿದು ಕೊಳ್ಳುತ್ತಾರೆ, ವೈದ್ಯರ ಚೀಟಿ ಹಿಡಿದು ಕೊಳ್ಳುವುದಿಲ್ಲ ಎಂಬುದು ಕಾರಣ. ಇನ್ನೊಂದರಲ್ಲಿ ತಲೆಗೂದಲಿಗೆ ಹಚ್ಚಿ ತೊಳೆಯುವ, ಶೇಕಡಾ 2.5ರಷ್ಟು ಸೆಲೆನಿಯಂ ಸಲ್ಫೈಡ್ ಇರುವ ದ್ರವವು ಕಾಂತಿವರ್ಧಕವಲ್ಲ, ಔಷಧವೇ ಎಂದಾಯಿತು. ವ್ಯಾಪಾರಿಗಳಿಗೆ ಇದು ಸುಂಕದ ದರದ ವಿಷಯ. ತತ್ತ್ವಜಿಜ್ಞಾಸುವಿಗೆ ಇದರಲ್ಲಿ ಬೇರೊಂದು ಪಾಠವಿದೆ. ಪರವಾನಗಿಯ ಕಾಯಿದೆಗೆ ಮಾಡುವವನ ಉದ್ದೇಶ ಮುಖ್ಯ. ತೆರಿಗೆಯ ಕಾಯಿದೆಗೆ ಕೊಳ್ಳುವವನ ತಿಳಿವಳಿಕೆ ಮುಖ್ಯ. ಹೀಗಾಗಿ ಒಂದೇ ಡಬ್ಬಿಯು ಒಂದು ಕಚೇರಿಯಲ್ಲಿ ಔಷಧವಾಗಿ ಇನ್ನೊಂದು ಕಚೇರಿಯಲ್ಲಿ ಅಲ್ಲವಾಗಬಹುದು, ಮತ್ತು ಇಬ್ಬರು ಅಧಿಕಾರಿಗಳಲ್ಲಿ ಯಾರೂ ತಪ್ಪು ಹೇಳಿರುವುದಿಲ್ಲ.

ಜೈನ ನ್ಯಾಯಶಾಸ್ತ್ರವನ್ನು ಬಲ್ಲವರಿಗೆ ಇದು ಅಪರಿಚಿತ ಸಂಗತಿಯಲ್ಲ. ನಯಗಳ ವಿವೇಚನೆ ಇರುವುದೇ ಇದಕ್ಕಾಗಿ. ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ನೈಗಮನಯವನ್ನು ವಿವರಿಸುವಾಗ, ಇನ್ನೂ ಸಿದ್ಧವಾಗದ ವಸ್ತುವನ್ನು ಸಂಕಲ್ಪಮಾತ್ರದಿಂದ ಸಿದ್ಧವೆಂದು ಗ್ರಹಿಸುವುದು ಅದರ ಲಕ್ಷಣವೆನ್ನುತ್ತಾರೆ. ಕೊಡಲಿ ಹಿಡಿದು ಕಾಡಿಗೆ ಹೊರಟವನನ್ನು ಎಲ್ಲಿಗೆಂದು ಕೇಳಿದರೆ, ಧಾನ್ಯ ಅಳೆಯುವ ಪ್ರಸ್ಥವನ್ನು ತರಲೆಂದು ಹೇಳುತ್ತಾನೆ. ಪ್ರಸ್ಥವಿನ್ನೂ ಹುಟ್ಟಿಲ್ಲ, ಮರವಾಗಿ ನಿಂತಿದೆ; ಆದರೆ ಅವನ ಸಂಕಲ್ಪದಲ್ಲಿ ಅದು ಆಗಲೇ ಪ್ರಸ್ಥ. ಖಾಲಿ ಕ್ಯಾಪ್ಸೂಲನ್ನು ಔಷಧವೆಂದ 1982ರ ತಿದ್ದುಪಡಿಗೆ ಇದಕ್ಕಿಂತ ಒಳ್ಳೆಯ ಭಾಷ್ಯ ದೊರೆಯಲಾರದು! ಜನರ ರೂಢಿಯನ್ನು ಹಿಡಿದ ತೆರಿಗೆಯ ತೀರ್ಪು ಲೋಕವ್ಯವಹಾರದ ದೃಷ್ಟಿಯನ್ನು ಅನುಸರಿಸಿದೆ. ಏವಂಭೂತನಯದಿಂದ ನೋಡಿದರೆ, ರೋಗವನ್ನು ಕಳೆಯುತ್ತಿರುವ ಆ ಕ್ಷಣದಲ್ಲಿ ಮಾತ್ರ ವಸ್ತುವು ಔಷಧ. ಕಪಾಟಿನಲ್ಲಿ ಇರುವಾಗ ಅಲ್ಲ.

ಸಂಕಲ್ಪವೇ ವಸ್ತುವಿನ ಕಾನೂನುಸ್ವರೂಪವನ್ನು ಬದಲಿಸುತ್ತದೆಂಬುದಕ್ಕೆ ಬಸದಿಗಳಿಗೆ ಹತ್ತಿರವಾದ ಇನ್ನೊಂದು ಉದಾಹರಣೆಯಿದೆ. ಅಭಿಷೇಕದ ಗಂಧೋದಕವನ್ನು ಭಕ್ತರು ಶಿರಸ್ಸಿಗೂ ಕಣ್ಣಿಗೂ ಹಚ್ಚಿಕೊಳ್ಳುತ್ತಾರೆ. ಮೈನಾಸುಂದರಿಯು ಗಂಧೋದಕದಿಂದ ಶ್ರೀಪಾಲನ ಕುಷ್ಠವನ್ನು ಕಳೆದ ಕಥೆಯನ್ನು ಕೇಳದ ಜೈನ ಮನೆ ಇರಲಾರದು. ಭಕ್ತಿಯಿಂದ ಕೊಟ್ಟು ಭಕ್ತಿಯಿಂದ ಪಡೆದ ಗಂಧೋದಕಕ್ಕೆ ಯಾವ ಕಾಯಿದೆಯೂ ಅಡ್ಡಬರುವುದಿಲ್ಲ. ಆದರೆ ಅದೇ ನೀರು ಕುಷ್ಠವನ್ನು ಗುಣಪಡಿಸುತ್ತದೆಂದು ಯಾರಾದರೂ ಜಾಹೀರಾತು ಹಾಕಿದರೆ 1954ರ ಔಷಧ ಮತ್ತು ಚಮತ್ಕಾರಿಕ ಚಿಕಿತ್ಸೆಗಳ ಕಾಯಿದೆಯು ಎದುರಾಗುತ್ತದೆ. ಆ ಕಾಯಿದೆಯು ಮಂತ್ರ, ಕವಚ, ತಾಯಿತಗಳನ್ನು ಹೆಸರಿಸಿಯೇ ಚಮತ್ಕಾರಿಕ ಚಿಕಿತ್ಸೆಗಳ ವ್ಯಾಖ್ಯೆಗೆ ಸೇರಿಸಿದೆ. ಅದರ ರೋಗಗಳ ಪಟ್ಟಿಯಲ್ಲಿ ಕುಷ್ಠವೂ ಇದೆ. ಕೆಲವರಿಗೆ ಇದು ಧರ್ಮದಲ್ಲಿ ಕೈಹಾಕಿದಂತೆ ಕಂಡೀತು. ವಿಚಾರಮಾಡಿದರೆ ಹಾಗಲ್ಲ, ಪೂಜೆಯ ಜಲವನ್ನು ಮಾರಾಟದ ಮದ್ದಾಗಿಸುವುದನ್ನು ಶ್ರಾವಕನೂ ಒಪ್ಪಲಾರನು.

ಇಲ್ಲಿಯವರೆಗೆ ಕಾಯಿದೆಗೂ ಧರ್ಮಕ್ಕೂ ಹೊಂದಾಣಿಕೆಯಿದ್ದಂತೆ ತೋರುತ್ತದೆ. ಎರಡೂ ಸಂಕಲ್ಪವನ್ನು ನೋಡುತ್ತವೆ. ತತ್ತ್ವಾರ್ಥಸೂತ್ರವು ಹಿಂಸೆಯನ್ನು ಪ್ರಮಾದಯೋಗದೊಡನೆ ಕೂಡಿಸಿ ಹೇಳುತ್ತದೆ. ಬರೀ ಪ್ರಾಣಹಾನಿಯಿಂದ ಅಲ್ಲ. ಶಸ್ತ್ರಚಿಕಿತ್ಸೆಯಲ್ಲಿ ರೋಗಿ ತೀರಿಕೊಂಡರೆ ವೈದ್ಯನನ್ನು ಯಾರೂ ಕೊಲೆಗಾರನೆನ್ನುವುದಿಲ್ಲ. ಆದರೆ ಭೇದವಿರುವುದು ಸಂಕಲ್ಪವನ್ನು ಎಷ್ಟು ದೂರ ಹಿಂಬಾಲಿಸಬೇಕೆಂಬಲ್ಲಿ. ಕಾಯಿದೆಯು ವಸ್ತುವಿನಿಂದ ರೋಗಿಯ ಕಡೆಗೆ ಮುಂದಕ್ಕೆ ನೋಡುತ್ತದೆ. ಆ ವಸ್ತು ಎಲ್ಲಿಂದ ಬಂದಿತು, ಅದಕ್ಕಾಗಿ ಯಾವ ಜೀವ ಹೋಯಿತು ಎಂದು ಹಿಂದಕ್ಕೆ ತಿರುಗಿ ನೋಡುವ ಕೆಲಸ ಈ ವ್ಯಾಖ್ಯೆಯದಲ್ಲ. ಕೃತ, ಕಾರಿತ, ಅನುಮೋದನೆ ಎಂದು ಮೂರು ಬಗೆಯಲ್ಲಿ ಪಾಪದ ಲೆಕ್ಕವಿಡುವ ಶ್ರಾವಕನು ಹಿಂದಕ್ಕೆ ನೋಡದೆ ಇರಲಾರನು.

ಹಿಂದಕ್ಕೆ ನೋಡಿದರೆ ಕಾಣುವುದೇನು? ಜೆಲಟಿನ್ ದನ, ಹಂದಿ ಮೊದಲಾದ ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ ತೆಗೆದ ಅಂಟು. ಕೆಲವು ಮಾತ್ರೆಗಳ ಮೇಲಿನ ಹೊಳಪಿನ ಲೇಪ ಅರಗಿನದು. ಹದಿನೈದು ಕರ್ಮಾದಾನಗಳಲ್ಲಿ ಲಾಕ್ಷಾವಾಣಿಜ್ಯವನ್ನು ಶ್ರಾವಕನಿಗೆ ನಿಷೇಧಿಸಿದ್ದು ಇದೇ ಅರಗಿನ ಸಲುವಾಗಿ. ಅದೇ ಪಟ್ಟಿಯಲ್ಲಿ ವಿಷವಾಣಿಜ್ಯವೂ ಇದೆ. ರಕ್ತ ಹೆಪ್ಪುಗಟ್ಟದಂತೆ ಡಯಾಲಿಸಿಸ್‌ನಲ್ಲಿಯೂ ಹೃದಯದ ಶಸ್ತ್ರಚಿಕಿತ್ಸೆಯಲ್ಲಿಯೂ ಕೊಡುವ ಹೆಪಾರಿನ್ ಹಂದಿಯ ಕರುಳಿನ ಒಳಪೊರೆಯಿಂದ ಬರುತ್ತದೆ. ಮಧುಮೇಹದ ಇನ್ಸುಲಿನ್ ದಶಕಗಳ ಕಾಲ ದನ ಮತ್ತು ಹಂದಿಗಳ ಮೇದೋಜೀರಕ ಗ್ರಂಥಿಯಿಂದಲೇ ಬರುತ್ತಿತ್ತು. ಸೂಕ್ಷ್ಮಜೀವಿಗಳ ಮೂಲಕ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಮಾರುಕಟ್ಟೆಗೆ ಬಂದಿತು. ಆಯುರ್ವೇದದ ಕಡೆಗೆ ಹೊರಳಿದ ಮಾತ್ರಕ್ಕೆ ಸಂಕಟ ತಪ್ಪುವುದಿಲ್ಲ. ಆಸವ, ಅರಿಷ್ಟಗಳಲ್ಲಿ ಹುಳಿಸುವಿಕೆಯಿಂದ ಹುಟ್ಟಿದ ಮದ್ಯಸಾರವಿದೆ, ಅನುಪಾನವಾಗಿ ಜೇನನ್ನು ಹೇಳುವುದು ಸಾಮಾನ್ಯ. ಮದ್ಯ, ಮಾಂಸ, ಮಧುಗಳ ತ್ಯಾಗವೋ ಅಷ್ಟಮೂಲಗುಣಗಳಲ್ಲಿ ಸೇರಿದ್ದು.

ಈ ಸಂಕಟ ಹೊಸದೇನೂ ಅಲ್ಲ. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯಾಚಾರ್ಯರು ಕಲ್ಯಾಣಕಾರಕವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ಮದ್ಯ, ಮಾಂಸ, ಮಧುಗಳನ್ನು ಬಿಟ್ಟು ರಚಿಸಿದರು. ಅದರ ಕೊನೆಗಿರುವ ಹಿತಾಹಿತಾಧ್ಯಾಯವು ಔಷಧವಾಗಿಯೂ ಮಾಂಸ ಸಲ್ಲದೆಂದು ವಾದಿಸುವ ಪ್ರಕರಣ; ಅದನ್ನು ನೃಪತುಂಗನ ಸಭೆಯಲ್ಲಿ ವಿದ್ವಾಂಸರ ಎದುರು ಪ್ರತಿಪಾದಿಸಲಾಯಿತೆಂದು ಗ್ರಂಥವೇ ಹೇಳುತ್ತದೆ. ಆ ಗ್ರಂಥವು ಸೊಲ್ಲಾಪುರದಿಂದ ಅಚ್ಚಾಗಿ ಬಂದದ್ದು 1940ರಲ್ಲಿ, ಔಷಧ ಕಾಯಿದೆ ಬಂದ ವರ್ಷವೇ ಎಂಬುದು ಒಂದು ಕಾಕತಾಳೀಯ. ಹನ್ನೆರಡನೆಯ ಶತಮಾನದಲ್ಲಿ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದನು. ಅಲ್ಲಿಯೂ ಈ ಮೂರು ವಸ್ತುಗಳ ವರ್ಜನೆಯಿದೆ. ಕೀರ್ತಿವರ್ಮನ ಗೋವೈದ್ಯ ದನಕರುಗಳ ಚಿಕಿತ್ಸೆಗೆ ಮೀಸಲಾದದ್ದು; ಮಂಗರಾಜನ ಖಗೇಂದ್ರಮಣಿದರ್ಪಣ ವಿಷಚಿಕಿತ್ಸೆಯದು. ಇವರೆಲ್ಲರೂ ಜೈನರೇ. ಉಗ್ರಾದಿತ್ಯರೂ ಸೋಮನಾಥನೂ ತೋರಿಸಿಕೊಟ್ಟ ಒಂದು ಅಂಶವನ್ನು ಇಂದಿನವರು ಮರೆಯುತ್ತಾರೆ. ಅವರು ಬರೀ ನಿಷೇಧವನ್ನು ಹೇಳಿ ರೋಗಿಯನ್ನು ಕೈಬಿಡಲಿಲ್ಲ, ನಿಷಿದ್ಧ ವಸ್ತುವಿಲ್ಲದ ಚಿಕಿತ್ಸೆಯನ್ನು ಸಿದ್ಧಪಡಿಸಿ ಕೊಟ್ಟರು. ಗಿಡಮರಗಳ ಸೆಲ್ಯುಲೋಸ್‌ನಿಂದ ತಯಾರಾದ ಕ್ಯಾಪ್ಸೂಲ್‌ಗಳು ಇಂದು ದೊರೆಯುತ್ತಿರುವುದು ಅದೇ ಮಾರ್ಗದ ಮುಂದುವರಿಕೆ ಎನ್ನಬಹುದು.

ವಸ್ತುವಿನ ಮೂಲವನ್ನು ಡಬ್ಬಿಯ ಮೇಲೆಯೇ ತಿಳಿಸಬೇಕೆಂಬ ಬೇಡಿಕೆ ನ್ಯಾಯಾಲಯದವರೆಗೆ ಹೋದದ್ದೂ ಉಂಟು. 2002ರಲ್ಲಿ ದೆಹಲಿ ಹೈಕೋರ್ಟು, ಪ್ರಾಣಿಮೂಲದ ಅಂಶವಿರುವ ಕಾಂತಿವರ್ಧಕಗಳ ಮತ್ತು ಜೀವರಕ್ಷಕವಲ್ಲದ ಔಷಧಗಳ ಮೇಲೆ ಕೆಂಪು ಗುರುತನ್ನು, ಸಸ್ಯಮೂಲದವುಗಳ ಮೇಲೆ ಹಸಿರು ಗುರುತನ್ನು ಹಾಕಬೇಕೆಂದು ನಿರ್ದೇಶಿಸಿತು. ತಾನು ಸೇವಿಸುವುದೇನೆಂದು ತಿಳಿಯುವುದು ಪ್ರಜೆಯ ಹಕ್ಕೆಂಬುದು ಅದರ ನಿಲುವು. 2013ರಲ್ಲಿ ಸುಪ್ರೀಂ ಕೋರ್ಟು ಆ ನಿರ್ದೇಶನವನ್ನು ರದ್ದುಮಾಡಿತು. ನಿಯಮಗಳನ್ನು ತಿದ್ದುವುದು ಸರ್ಕಾರದ ಕೆಲಸವೇ ಹೊರತು ನ್ಯಾಯಾಲಯದ್ದಲ್ಲ ಎಂಬುದು ಅದರ ಸಾರ. ಜೈನ ವಲಯಗಳಲ್ಲಿ ಈ ತೀರ್ಪಿನ ಬಗ್ಗೆ ಬೇಸರಪಟ್ಟವರಿರಬಹುದು. ಅಧಿಕಾರದ ಮೇರೆಯನ್ನು ಅರಿತು ನಡೆಯುವುದೂ ಒಂದು ಸಂಯಮವೇ ಎಂಬುದನ್ನು ಅವರು ನೆನೆಯಬೇಕು.

ಹೈಕೋರ್ಟಿನ ಆದೇಶದಲ್ಲಿ ಇನ್ನೂ ಗಮನಿಸಬೇಕಾದದ್ದು, ಜೀವರಕ್ಷಕ ಔಷಧಗಳನ್ನು ಹೊರಗಿಟ್ಟ ಆ ಒಂದು ವಿನಾಯಿತಿ. ಪ್ರಾಣ ಹೋಗುವ ಹೊತ್ತಿನಲ್ಲಿ ಕೆಂಪು ಚುಕ್ಕೆಯನ್ನು ಕಂಡು ರೋಗಿಯೊಬ್ಬನು ಮದ್ದನ್ನು ದೂಡಿದರೆ ಆ ತಿಳಿವಳಿಕೆಯಿಂದ ಆದ ಉಪಕಾರವೇನು? ಕಟ್ಟುನಿಟ್ಟಿನ ಶ್ರಾವಕರು ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ವ್ರತವು ಹಿಡಿದವನ ಸ್ವತ್ತು. ಹೆಪಾರಿನ್ ಬೇಡವೆಂದು ತನ್ನ ಮಟ್ಟಿಗೆ ನಿರ್ಧರಿಸುವ ಅಧಿಕಾರ ಸ್ವಸ್ಥಚಿತ್ತನಾದ ಶ್ರಾವಕನಿಗೆ ಇದೆ. ಟ್ರಸ್ಟಿನ ಆಸ್ಪತ್ರೆಗೆ ಬಂದ ಇನ್ನೊಬ್ಬನ ಡಯಾಲಿಸಿಸ್‌ಗೆ ಅದನ್ನು ನಿರಾಕರಿಸುವ ಅಧಿಕಾರ ಅವನಿಗಿಲ್ಲ. ಹಾಗೆ ಮಾಡಿದರೆ ಸತ್ತ ಹಂದಿಯ ಮೇಲಿನ ಕರುಣೆ ಎದುರಿಗಿರುವ ಮನುಷ್ಯನ ಮೇಲಿನ ಕ್ರೌರ್ಯವಾಗಿ ಮಾರ್ಪಡುತ್ತದೆ. ಅಂತೆಯೇ, ಕೇಳಿದವನಿಗೆ ಮೂಲವನ್ನು ಮರೆಮಾಚಿ "ಔಷಧಕ್ಕೆ ದೋಷವಿಲ್ಲ" ಎಂದು ಹೇಳಿ ಕೊಡುವುದು ಅಸತ್ಯ. ಉಚಿತ ಚಿಕಿತ್ಸಾಲಯದ ಬಾಗಿಲಿಗೆ ಬರುವವರಲ್ಲಿ ಮುಸಲ್ಮಾನರಿರುತ್ತಾರೆ, ವೈಷ್ಣವರಿರುತ್ತಾರೆ. ಅವರವರ ನಿಯಮವೂ ಅವರವರಿಗೆ ಪ್ರಾಣಸಮಾನ. ಬಡವನೆಂಬ ಕಾರಣಕ್ಕೆ ಅವನಿಗೆ ತಿಳಿಸುವ ಅಗತ್ಯವಿಲ್ಲವೆಂದು ಭಾವಿಸಿದ ಕ್ಷಣದಲ್ಲಿಯೇ ಕೊಟ್ಟದ್ದು ದಾನವಾಗಿ ಉಳಿಯುವುದಿಲ್ಲ.

ಸೊಳ್ಳೆಯ ದ್ರಾವಣದ ಪ್ರಶ್ನೆಗೆ ಮರಳಬಹುದು. ಮೈಗೆ ಹಚ್ಚಿ ಸೊಳ್ಳೆಯನ್ನು ದೂರವಿಡುವ ಲೇಪವನ್ನೂ ಅದನ್ನು ಕೊಲ್ಲುವ ದ್ರಾವಣವನ್ನೂ ಕಾಯಿದೆಯು ಒಂದೇ ಪ್ರಕರಣದಲ್ಲಿ ಅಕ್ಕಪಕ್ಕ ಇಟ್ಟಿದೆ. ರೋಗವನ್ನು ತಡೆಯುವ ಉದ್ದೇಶ ಎರಡಕ್ಕೂ ಸಮಾನವಾದ್ದರಿಂದ ಕಾಯಿದೆಯ ಮಟ್ಟಿಗೆ ಅದು ಸರಿಯೇ. ಶ್ರಾವಕನ ಮಟ್ಟಿಗೆ ಇವೆರಡರ ನಡುವೆ ಆಕಾಶ-ಪಾತಾಳದ ಅಂತರವಿದೆ. ಗೃಹಸ್ಥನು ವಿರೋಧೀಹಿಂಸೆಯಿಂದ ಪೂರ್ತಿಯಾಗಿ ಪಾರಾಗಲಾರನೆಂದು ಶಾಸ್ತ್ರಕಾರರೇ ಒಪ್ಪಿದ್ದಾರೆ. ಧರ್ಮಶಾಲೆಯಲ್ಲಿ ಮಕ್ಕಳು ಜ್ವರದಿಂದ ಮಲಗಿರುವಾಗ ಬೇರೆ ದಾರಿಯಿಲ್ಲದೆ ಸಿಂಪಡಿಸಿದವರನ್ನು ಯಾರೂ ಜರಿಯಬೇಕಾಗಿಲ್ಲ. ಆದರೆ ಆ ಖರ್ಚು ನಿರ್ವಹಣೆಯ ಖಾತೆಗೆ ಹೋಗಲಿ. ಅನಿವಾರ್ಯವಾಗಿ ಮಾಡಿದ ಹಿಂಸೆಯನ್ನು ದಾನವೆಂದು ಬರೆದುಕೊಳ್ಳುವುದು, ದಿವಂಗತ ದಾನಿಯ ಹೆಸರಿನಲ್ಲಿ ಅದನ್ನು ಜಮೆಮಾಡುವುದು, ಲೆಕ್ಕದ ದೃಷ್ಟಿಯಿಂದಲೂ ತಪ್ಪು. ಅದೇ ಹಣದಲ್ಲಿ ಸೊಳ್ಳೆಪರದೆಗಳನ್ನು ಕೊಂಡು ಹಂಚಿದರೆ ಭೈಷಜ್ಯದೊಡನೆ ಅಭಯದಾನವೂ ಒಂದಿಷ್ಟು ಸೇರೀತು. ನಿಂತ ನೀರನ್ನು ಮೊದಲೇ ಚೆಲ್ಲಿ, ಲಾರ್ವಾ ಹುಟ್ಟದಂತೆ ನೋಡಿಕೊಳ್ಳುವ ಕೆಲಸಕ್ಕಂತೂ ಯಾವ ಖಾತೆಯೂ ಬೇಕಾಗಿಲ್ಲ. ಇಬ್ಬರು ಸ್ವಯಂಸೇವಕರು ಸಾಕು.

ಟ್ರಸ್ಟುಗಳು ಇನ್ನೊಂದು ಎಚ್ಚರವನ್ನೂ ವಹಿಸಬೇಕು. ದಾನವಾಗಿ ಕೊಡುವುದಕ್ಕೆ ಕಾನೂನು ಏಕೆಂಬ ಭಾವನೆ ಹಲವರಲ್ಲಿದೆ. 1940ರ ಕಾಯಿದೆಯು ಮಾರಾಟವನ್ನಷ್ಟೇ ಅಲ್ಲ, ದಾಸ್ತಾನನ್ನೂ ವಿತರಣೆಯನ್ನೂ ಹೆಸರಿಸುತ್ತದೆ. ಹಣ ಪಡೆಯಲಿಲ್ಲವೆಂದ ಮಾತ್ರಕ್ಕೆ ಅವಧಿ ಮೀರಿದ ಮಾತ್ರೆ ನಿರ್ದೋಷವಾಗುವುದಿಲ್ಲ. ಶಿಬಿರಗಳಲ್ಲಿ ಉಳಿದ ಮದ್ದುಗಳನ್ನು ಗೋಣಿಚೀಲದಲ್ಲಿ ಕಟ್ಟಿಟ್ಟು ಮುಂದಿನ ವರ್ಷ ಹಂಚುವ ಪದ್ಧತಿ ಎಲ್ಲಿಯಾದರೂ ಇದ್ದರೆ ಅದು ನಿಲ್ಲತಕ್ಕದ್ದು. ಪರವಾನಗಿ, ವೈದ್ಯರ ಉಸ್ತುವಾರಿ, ಅವಧಿಯ ತಪಾಸಣೆ — ಇವುಗಳಲ್ಲಿ ಕಾಯಿದೆಯ ಮಾತೇ ಪ್ರಮಾಣ.

ಕಾಯಿದೆ ಕೇಳದ ಪ್ರಶ್ನೆಯನ್ನು ಮಾತ್ರ ಟ್ರಸ್ಟು ತಾನೇ ಕೇಳಬೇಕಾಗುತ್ತದೆ. ಅದಕ್ಕೆ ದೊಡ್ಡ ಸಿದ್ಧತೆಯೇನೂ ಬೇಡ. ದಾಸ್ತಾನು ಪುಸ್ತಕದಲ್ಲಿ ಮದ್ದಿನ ಹೆಸರು, ತಯಾರಿಕೆಯ ತಂಡದ ಸಂಖ್ಯೆ, ಅವಧಿ, ಬಂದದ್ದು, ಹೋದದ್ದು ಎಂಬ ಕಾಲಂಗಳ ಪಕ್ಕದಲ್ಲಿ "ಮೂಲ" ಎಂಬ ಇನ್ನೊಂದು ಕಾಲಂ ಹಾಕಬಹುದು. ತಯಾರಕರಿಗೆ ಪತ್ರ ಬರೆದು ಕ್ಯಾಪ್ಸೂಲಿನ ಕವಚ ಯಾವುದರದೆಂದು ಕೇಳಬಹುದು. ಉತ್ತರ ಬಂದರೆ ಆ ಪತ್ರವನ್ನು ಪುಸ್ತಕಕ್ಕೆ ಅಂಟಿಸುವುದು. ಅದೇ ಮದ್ದು ಮಾತ್ರೆಯ ಅಥವಾ ದ್ರವದ ರೂಪದಲ್ಲಿ ದೊರೆಯುವುದಾದರೆ, ವೈದ್ಯರು ಒಪ್ಪಿದರೆ, ಮುಂದಿನ ಸಲ ಅದನ್ನು ತರಿಸುವುದು. ಉತ್ತರವೇ ಬಾರದಿದ್ದರೆ ಆ ಕಾಲಂನಲ್ಲಿ "ತಿಳಿಯದು" ಎಂದು ಬರೆಯಲು ಸಂಕೋಚಪಡಬೇಕಾಗಿಲ್ಲ. ಕೇಳಿದ ರೋಗಿಗೂ ಹಾಗೆಂದೇ ಹೇಳಬಹುದು.